ಮೂರು ಡಿಗ್ರಿ ಎಲ್ಲಿಂದ ಬಂತು?

"ತೊಂಬತ್ತಮೂರು!"

"ತೊಂಬತ್ತು ಕಣೇ. ನೋಡು, ಬಾಣ ಸರಿಯಾಗಿ ತೊಂಬತ್ತರ ಗೆರೆ ಮೇಲೇ ಇದೆ."

"ಬಾಣ ಇರ್ಲಿ, ಸ್ಕ್ರೀನ್ ನೋಡೋ. ಮತ್ತೆ ಮೂರು ಜಾಸ್ತಿ!"

ಇಬ್ಬರ ನಡುವೆ ನೆಲದ ಮೇಲೆ ಒಂದು ಶೂ ಡಬ್ಬವಿತ್ತು. ಒಂದು ಕಡೆ ಕೂತಿದ್ದವಳು ಪಟಪಟಿ. ಒಂದೇ ಸಮನೆ ಮಾತಾಡುತ್ತಾಳೆಂದು ತರಗತಿಯವರು ಇಟ್ಟ ಹೆಸರು ಅದು. ಇನ್ನೊಂದು ಕಡೆ ರಬ್ಬರ್. ಅವನು ಏನು ಬರೆದರೂ ಎರಡು ಸಲ ಅಳಿಸಿ, ಮೂರನೇ ಸಲವೇ ಸಮಾಧಾನಪಡುವವನು.

ಡಬ್ಬದ ಮುಚ್ಚಳದ ಮೇಲೆ ಬಿಳಿ ಕಾಗದದ ವೃತ್ತ. ಅದರ ಸುತ್ತ ಸೊನ್ನೆಯಿಂದ ಮುನ್ನೂರ ಅರವತ್ತರವರೆಗೆ ಡಿಗ್ರಿಯ ಗೆರೆಗಳು. ನಡುವೆ ಒಂದು ತೆಳು ಸರಳು, ಅದರ ತಲೆಗೆ ರಟ್ಟಿನ ಬಾಣ. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆಗೆ ಬಾಣ ತಿರುಗುತ್ತದೆ, ಅದರ ಜೊತೆ ಸರಳೂ ತಿರುಗುತ್ತದೆ. ಸರಳಿನ ಕೆಳತುದಿಯಲ್ಲಿ ಅಂಗಿಯ ಗುಂಡಿಯಷ್ಟು ಅಯಸ್ಕಾಂತ. ಅದರ ಕೆಳಗೆ, ಮುಟ್ಟಿಯೂ ಮುಟ್ಟದ ಹಾಗೆ, ಉಗುರಿಗಿಂತ ಚಿಕ್ಕದೊಂದು ಸೆನ್ಸರ್. ಅಯಸ್ಕಾಂತ ಎಷ್ಟು ತಿರುಗಿತು ಎಂದು ಅದು ಪುಟ್ಟ ಸ್ಕ್ರೀನಿನಲ್ಲಿ ತೋರಿಸುತ್ತದೆ.

"ಮುಟ್ಟದೆ ಅದಕ್ಕೆ ಹೇಗೆ ಗೊತ್ತಾಗುತ್ತೆ ಮಿಸ್?" ಎಂದು ಶಾಲೆಗೆ ಈ ಸೆನ್ಸರ್ ಕಿಟ್ ಬಂದ ದಿನವೇ ಪಟಪಟಿ ಕೇಳಿದ್ದಳು.

"ದಿಕ್ಸೂಚಿಯ ಮುಳ್ಳನ್ನ ಯಾರಾದ್ರೂ ಮುಟ್ಟಿ ತಿರುಗಿಸ್ತಾರಾ? ಅಯಸ್ಕಾಂತ ಯಾವ ಕಡೆ ಮುಖ ಮಾಡಿದೆ ಅಂತ ಅದಕ್ಕೆ ತಿಳಿಯುತ್ತೆ. ಇದಕ್ಕೂ ಹಾಗೇ" ಎಂದಿದ್ದರು ಸೈನ್ಸ್ ಮಿಸ್.

ನಾಳೆ ಬೆಳಿಗ್ಗೆ ಮಿಸ್ ಪರೀಕ್ಷೆ ಮಾಡುವವರಿದ್ದರು. ಬಾಣಕ್ಕೂ ಸ್ಕ್ರೀನಿಗೂ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಸರಿಯಿದ್ದರೆ ಈ ಡಬ್ಬ ವರ್ಷವಿಡೀ ಶಾಲೆಯ ತಾರಸಿಯ ಮೇಲೆ!

"ವೃತ್ತ ಬರೆಯೋದು ನಿನ್ನ ಕೆಲಸ. ಕತ್ತರಿಸಿ ಅಂಟಿಸೋದು ನನ್ನ ಕೆಲಸ. ನಾನು ನೀಟಾಗಿ ಮಾಡಿದೀನಿ. ನೀನು ಮೂರು ಸಲ ಬರೆದ್ರೂ ಮೂರು ಸಲಾನೂ ತಪ್ಪು!"

"ಕೋನಮಾಪಕ ಇಟ್ಟೇ ಬರೆದಿದ್ದು..." ರಬ್ಬರನ ದನಿ ಸಣ್ಣದಾಯಿತು.

"ಹಾಗಾದ್ರೆ ಮೂರು ಡಿಗ್ರಿ ಆಕಾಶದಿಂದ ಉದುರಿತಾ? ನಾಳೆ ಮಿಸ್ ಹತ್ರ ಬೇರೆ ಪಾರ್ಟ್ನರ್ ಕೇಳ್ತೀನಿ, ಅಷ್ಟೇ."

ರಬ್ಬರ್ ಕೈವಾರ, ಕೋನಮಾಪಕ ಎಲ್ಲವನ್ನೂ ಒಂದೊಂದಾಗಿ ಪೆಟ್ಟಿಗೆಗೆ ಹಾಕಿಕೊಂಡ. "ಇನ್ನೊಂದು ಬರ್ಕೊಂಡು ಬರ್ತೀನಿ" ಎಂದು ತನ್ನ ಮನೆಗೆ ಹೊರಟೇಹೋದ.

ಪಟಪಟಿ ಒಬ್ಬಳೇ ಉಳಿದಳು. ಬಾಣವನ್ನು ಸೊನ್ನೆಗೆ ತಂದಳು. ಸ್ಕ್ರೀನಿನಲ್ಲೂ ಸೊನ್ನೆ. ನೂರ ಎಂಬತ್ತಕ್ಕೆ ತಂದಳು. ನೂರ ಎಂಬತ್ತು. ಅರೆ, ಇಲ್ಲೆಲ್ಲ ಸರಿ! ಇನ್ನೂರ ಎಪ್ಪತ್ತಕ್ಕೆ ತಂದಳು. ಇನ್ನೂರ ಅರವತ್ತೇಳು. ಈಗ ಮೂರು ಕಡಿಮೆ!

ಎಲ್ಲದರಲ್ಲೂ ಮೂರು ಕಳೆದುಬಿಟ್ಟರೆ? ಕಾಗದದ ಮೇಲೆ ಕಳೆದು ನೋಡಿದಳು. ತೊಂಬತ್ತು ಸರಿಹೋಯಿತು. ಆದರೆ ನೂರ ಎಂಬತ್ತು ಹೋಗಿ ನೂರ ಎಪ್ಪತ್ತೇಳಾಯಿತು. ಇನ್ನೂರ ಎಪ್ಪತ್ತರ ಕಡೆಯಂತೂ ಇನ್ನೂರ ಅರವತ್ತನಾಲ್ಕಕ್ಕೆ ಇಳಿಯಿತು.

ಹತ್ತಿರ ಕಬ್ಬಿಣ ಇರಬಾರದು ಎಂದು ಮಿಸ್ ಹೇಳಿದ್ದು ನೆನಪಾಯಿತು. ಕತ್ತರಿಯನ್ನು ಅಡುಗೆಮನೆಯಲ್ಲಿ ಇಟ್ಟು ಬಂದಳು. ಟಿಫನ್ ಡಬ್ಬಿಯನ್ನು ಆಚೆ ತಳ್ಳಿದಳು. ತಲೆಯ ಪಿನ್ನುಗಳನ್ನೂ ಕಿತ್ತಿಟ್ಟಳು. ಕೂದಲು ಮುಖದ ಮೇಲೆ ಬಿತ್ತೇ ಹೊರತು ತೊಂಬತ್ತಮೂರು ಅಲ್ಲಾಡಲಿಲ್ಲ.

ಚಿಕ್ಕಮ್ಮ ಕೆಲಸದಿಂದ ಬಂದಾಗ ಪಟಪಟಿ ಕೆದರಿದ ತಲೆಯಲ್ಲಿ ಡಬ್ಬವನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಚಿಕ್ಕಮ್ಮನದು ಲೇತ್ ಮಷಿನ್ ಕೆಲಸ. ಗಿರಗಿರ ತಿರುಗುವ ಕಬ್ಬಿಣವನ್ನು ಸುಲಿದು ನುಣ್ಣಗೆ ಮಾಡುವುದು. ಎರಡು ಸಲ ಸೋಪು ಹಾಕಿ ತೊಳೆದರೂ ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು ಉಳಿದಿರುತ್ತಿತ್ತು. ಟೀ ಲೋಟ ಹಿಡಿದು ನೆಲದ ಮೇಲೇ ಕೂತು, ಅವರು ಎಲ್ಲವನ್ನೂ ಕೇಳಿಸಿಕೊಂಡರು.

"ಒಂದು ಕಡೆ ಮೂರು ಜಾಸ್ತಿ, ಎದುರುಗಡೆ ಮೂರು ಕಮ್ಮಿ. ನಡುವೆ ಎರಡು ಕಡೆ ಸರಿ. ಅಲ್ವಾ?"

"ಹೂಂ ಚಿಕ್ಕಮ್ಮ. ಇದಕ್ಕೆ ಹುಚ್ಚು ಹಿಡಿದಿದೆ."

"ಹುಚ್ಚು ಹಿಡಿದಿದ್ರೆ ಇಷ್ಟು ಲೆಕ್ಕವಾಗಿ ಇರಲ್ಲ ಪುಟ್ಟಾ. ಒಂದು ಪೆನ್ಸಿಲ್ ತಾ. ಬಾಣದ ತುದಿಗೆ ಸೇರಿಸಿ ಹಿಡ್ಕೋ. ಹಾಗೇ ಒಂದು ಸುತ್ತು ತಿರುಗಿಸು, ಕಾಗದದ ಮೇಲೆ ಗೆರೆ ಬೀಳಲಿ."

ಪಟಪಟಿ ತಿರುಗಿಸಿದಳು. ಪೆನ್ಸಿಲಿನ ಗೆರೆ ರಬ್ಬರ್ ಬರೆದ ವೃತ್ತದ ಮೇಲೇ ಹೋಗಬೇಕಿತ್ತು. ಸೊನ್ನೆಯ ಹತ್ತಿರ ಅದು ಹೊರಗೆ ಹೋಯಿತು. ನೂರ ಎಂಬತ್ತರ ಹತ್ತಿರ ಒಳಗೆ ಬಂತು. ಎರಡೂ ಗುಂಡಗೆ, ಚೊಕ್ಕ ವೃತ್ತಗಳೇ. ಆದರೆ ಸರಿಯಾಗಿ ಮುಚ್ಚದ ಪಾತ್ರೆಯ ಮುಚ್ಚಳದ ಹಾಗೆ ಒಂದು ಇನ್ನೊಂದರಿಂದ ಜರುಗಿ ಕೂತಿತ್ತು.

"ಬಾಣ ಒಂದು ನಡುವನ್ನ ಸುತ್ತುತ್ತಾ ಇದೆ, ಗೆರೆಗಳು ಇನ್ನೊಂದು ನಡುವಿನ ಸುತ್ತ ಇವೆ" ಎಂದರು ಚಿಕ್ಕಮ್ಮ. "ನಮ್ಮ ವರ್ಕ್‌ಶಾಪಿಗೆ ಹೊಸದಾಗಿ ಬಂದವರು ಮೊದಲು ಅಳತೆಪಟ್ಟಿಗೇ ಬೈಯೋದು."

ಪಟಪಟಿ ಸರಳನ್ನು ಮೇಲಕ್ಕೆಳೆದು ಕಾಗದದ ತೂತನ್ನು ನೋಡಿದಳು. ತೂತಿನ ಒಂದು ಅಂಚಿನಲ್ಲಿ ರಬ್ಬರನ ಕೈವಾರ ಚುಚ್ಚಿದ ಗುರುತು ಅರ್ಧ ಉಳಿದಿತ್ತು. ಸರಳು ನಿಂತಿದ್ದ ಜಾಗ ಅಲ್ಲಿಂದ ಮೂರು ಮಿಲಿಮೀಟರ್ ಆಚೆ.

ಆಗ ನೆನಪಾಯಿತು. ಮುಚ್ಚಳದಲ್ಲಿ ಸರಳು ನಟ್ಟನಡುವೆ ಬಂದಿರಲಿಲ್ಲ. ಕಾಗದವಾದರೂ ನಟ್ಟನಡುವೆ ಚೆಂದ ಕಾಣಲಿ ಎಂದು ಅವಳೇ ತೂತನ್ನು ಪಕ್ಕಕ್ಕೆ ಕೊಂಚ ಕತ್ತರಿಸಿದ್ದಳು. ಕಸದ ಬುಟ್ಟಿಯಿಂದ ಹಳೆಯ ಎರಡು ವೃತ್ತಗಳನ್ನು ತೆಗೆದು ನೋಡಿದಳು. ಅವುಗಳಲ್ಲೂ ಅದೇ ತೂತು, ಅದೇ ಪಕ್ಕಕ್ಕೆ.

ಅವಳ ಕಿವಿ ಬಿಸಿಯಾಯಿತು. ತಲೆ ಎತ್ತಿದರೆ ಚಿಕ್ಕಮ್ಮ ಅಲ್ಲಿರಲಿಲ್ಲ. ಖಾಲಿ ಲೋಟ ಹಿಡಿದು ಆಗಲೇ ಒಳಗೆ ಹೋಗಿದ್ದರು. ಒಂದೇ ಲೋಟ ತೊಳೆಯಲು ಅಷ್ಟೊಂದು ಹೊತ್ತು ಬೇಕಿರಲಿಲ್ಲ. ಆದರೂ ನಲ್ಲಿಯ ನೀರು ಸುರಿಯುತ್ತಲೇ ಇತ್ತು.

ಪಟಪಟಿ ಕಾಗದವನ್ನು ಕಿತ್ತು, ತೂತನ್ನು ಅಗಲಿಸಿ, ಸರಳು ಕೈವಾರದ ಗುರುತಿಗೇ ಬರುವಂತೆ ಮೂರು ಮಿಲಿಮೀಟರ್ ಜರುಗಿಸಿಟ್ಟಳು. ಅಂಚು ಮುಚ್ಚಳದಿಂದ ಆಚೆ ಬಂತು, ನೋಡಲು ಸೊಟ್ಟಗಿತ್ತು. ಬಾಣ ತೊಂಬತ್ತಕ್ಕೆ, ಸ್ಕ್ರೀನ್ ತೊಂಬತ್ತು. ಬಾಣ ಇನ್ನೂರ ಎಪ್ಪತ್ತಕ್ಕೆ, ಸ್ಕ್ರೀನ್ ಇನ್ನೂರ ಎಪ್ಪತ್ತು.

ಕುಣಿಯಬೇಕು ಅನ್ನಿಸಲಿಲ್ಲ. ಡಬ್ಬವನ್ನು ಎದೆಗವಚಿಕೊಂಡು ಓಡಿದಳು.

ದಾರಿಯುದ್ದಕ್ಕೂ ರಬ್ಬರ್ ಏನೇನು ಬೈಯಬಹುದು ಎಂದು ಯೋಚಿಸಿದಳು. 'ನಂದು ತಪ್ಪು ಅಂದ್ಯಲ್ಲ, ಈಗೇನಂತೀಯ?' ಎನ್ನಬಹುದು. 'ಬೇರೆ ಪಾರ್ಟ್ನರ್ ಹುಡುಕ್ಕೋ ಹೋಗು' ಎನ್ನಬಹುದು. ಪ್ರತಿಯೊಂದಕ್ಕೂ ಒಂದೊಂದು ಉತ್ತರ ಜೋಡಿಸಿಕೊಂಡಳು.

ರಬ್ಬರನ ಅಪ್ಪ ಟೈಲರ್. ಬಾಗಿಲ ಪಕ್ಕದಲ್ಲೇ ಹೊಲಿಗೆ ಮಷಿನ್. ಕೊರಳಲ್ಲಿ ಟೇಪು ನೇತುಹಾಕಿಕೊಂಡು ಕಾಲರ್ ಹೊಲಿಯುತ್ತಿದ್ದರು.

"ಬಾಮ್ಮ. ಒಳಗೆ ಬರೀತಾನೇ ಕೂತಿದಾನೆ" ಎಂದರು. "ಶನಿವಾರ ಇವನ ಕಣ್ಣು ತೋರಿಸ್ಬೇಕು. ಗೆರೆಗಳು ಇರೋ ಕಡೆ ಕಾಣ್ತಾ ಇಲ್ವಂತೆ. ಕನ್ನಡಕ ಬರುತ್ತೋ ಏನೋ, ಪಾಪ ಹೆದರ್ಕೊಂಡಿದಾನೆ."

ಪಟಪಟಿ ಜೋಡಿಸಿಕೊಂಡಿದ್ದ ಉತ್ತರಗಳಲ್ಲಿ ಒಂದೂ ಇದಕ್ಕೆ ಹೊಂದಲಿಲ್ಲ.

ಒಳಗೆ ರಬ್ಬರ್ ಎಡಗಣ್ಣನ್ನು ಕೈಯಿಂದ ಮುಚ್ಚಿಕೊಂಡು, ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ, ನಾಲ್ಕನೇ ವೃತ್ತಕ್ಕೆ ಗೆರೆ ಎಳೆಯುತ್ತಿದ್ದ. ಅವಳನ್ನು ನೋಡಿ ಬೆಚ್ಚಿದ. "ಇನ್ನು ಸ್ವಲ್ಪನೇ ಇದೆ ಕಣೇ. ಈ ಸಲ ಒಂದೇ ಕಣ್ಣಲ್ಲಿ ನೋಡ್ತಿದೀನಿ."

"ನಿಂದು ಸರಿ ಇತ್ತು" ಎಂದಳು ಪಟಪಟಿ.

"ಏನು?"

"ಮೂರೂ ಸರಿ ಇತ್ತು. ತೂತು ನಾನು ಪಕ್ಕಕ್ಕೆ ಮಾಡಿದ್ದೆ. ಮೂರು ಸಲಾನೂ."

ರಬ್ಬರ್ ಎಡಗಣ್ಣಿನ ಮೇಲಿಂದ ಕೈ ತೆಗೆದ. ಡಬ್ಬ ನೋಡಿದ, ಅವಳ ಮುಖ ನೋಡಿದ.

"ಹಾಗಾದ್ರೆ... ನನ್ನ ಕಣ್ಣು ಚೆನ್ನಾಗಿದೆಯಾ?"

"ಚೆನ್ನಾಗಿದೆ ಕಣೋ."

"ಅಪ್ಪಾ!" ರಬ್ಬರ್ ಎದ್ದು ಓಡಿದ. "ಅಪ್ಪಾ, ಡಾಕ್ಟರ್ ಬೇಡ! ನಂಗೆ ಏನೂ ಆಗಿಲ್ಲ!"

ಹೊರಗೆ ಮಷಿನ್ ನಿಂತಿತು. ಅಪ್ಪ ಮಗ ಇಬ್ಬರೂ ನಗುವುದು ಕೇಳಿಸಿತು.

ಪಟಪಟಿ ಡಬ್ಬ ಹಿಡಿದು ನಿಂತೇ ಇದ್ದಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.