ಹಳೇ ಪಾರ್ಕಿನ ವೈಫೈಗೆ ಒಬ್ಬನೇ ಗಿರಾಕಿ

ನಗರಸಭೆಯ ಮೂರನೇ ಮಹಡಿಯಲ್ಲಿ, ಕಡತದ ಬೀರುಗಳ ಹಿಂದೆ ಕೂರುವವಳನ್ನು ಎಲ್ಲರೂ ವೈಫೈ ಮೇಡಂ ಅಂತಲೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು. ಅದು ಹಾಜರಿ ಪುಸ್ತಕಕ್ಕಷ್ಟೇ ಬೇಕಾಗುತ್ತಿತ್ತು.

ಊರಿನ ಅರವತ್ತು ಕಂಬಗಳಿಗೆ ಪೆಟ್ಟಿಗೆ ಕೂರಿಸಿ ನಗರಸಭೆ ಪುಕ್ಕಟೆ ಇಂಟರ್ನೆಟ್ ಕೊಟ್ಟು ವರ್ಷ ತುಂಬಿತ್ತು. ಲೈಬ್ರರಿ ಮೆಟ್ಟಿಲ ಮೇಲೆ ಹುಡುಗಿಯರು ಕೆಲಸಕ್ಕೆ ಅರ್ಜಿ ತುಂಬುತ್ತಿದ್ದರು, ಬಸ್ ಸ್ಟಾಂಡಿನಲ್ಲಿ ಅಜ್ಜಂದಿರು ಸಿನಿಮಾ ನೋಡುತ್ತಿದ್ದರು. ಆದರೂ ಪುಕ್ಕಟೆ ಸಿಕ್ಕಿದ್ದನ್ನು ಜನ ಹೊಗಳಿದ್ದುಂಟೇ? ನೆಟ್ ತೆರೆಯುವ ಮೊದಲು ಬರುವ ಪುಟದಲ್ಲಿ 'ದೂರು ಇದ್ದರೆ ಬರೆಯಿರಿ' ಅಂತ ಒಂದು ಕಾಲಂ. ಊರಿನ ಬೈಗುಳವೆಲ್ಲ ಅದರ ಮೂಲಕ ಹಾದು ಇವಳ ತಲೆ ಮೇಲೆ ಬೀಳುತ್ತಿತ್ತು. ಪ್ರತಿ ದೂರಿಗೂ ಒಂದು ದಿನದೊಳಗೆ ಬರೆದವರ ಮೊಬೈಲಿಗೆ ಉತ್ತರ ಹೋಗಬೇಕು. ಅದು ನಿಯಮ.

ಒಂದು ಸಂಜೆ ನಾಲ್ಕೂವರೆಗೆ ಹಳೇ ಪಾರ್ಕಿನಿಂದ ಬಂತು: 'ನನಗೆ ದೂರು ಏನೂ ಇಲ್ಲ. ಬರೆಯದೆ ಒಳಗೆ ಬಿಡಲ್ಲ ಅಂತೀರಲ್ಲ, ಅದಕ್ಕೆ ಬರೆದೆ. ಇತಿ, ಲಿಫ್ಟ್ ರಿಪೇರಿಯವನು.'

ಪಾಪ, ಕಾಲಂ ತುಂಬದಿದ್ದರೆ ನೆಟ್ಟೇ ಬರೋದಿಲ್ಲ ಅಂದುಕೊಂಡಿದ್ದ ಪುಣ್ಯಾತ್ಮ! ಖಾಲಿ ಬಿಡಬಹುದು ಅಂತ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ನಾಳೆ ಬರೆದರಾಯಿತು ಅಂದುಕೊಂಡಳು. ಮರುದಿನ ಅವನದು ಬಂತು: 'ಇವತ್ತೂ ದೂರಿಲ್ಲ. ಬೆಂಚಿನ ಒಂದು ಕಾಲು ಅಲ್ಲಾಡುತ್ತೆ, ಆದರೆ ಅದು ಅದರ ಪಾಡು.'

ಅವಳಿಗೆ ನಗು ತಡೆಯಲಾಗಲಿಲ್ಲ. 'ಬೆಂಚಿನ ಕಾಲು ನಮ್ಮ ವಿಭಾಗಕ್ಕೆ ಬರುವುದಿಲ್ಲ. ಆದರೂ ವಿಷಾದಿಸುತ್ತೇವೆ' ಅಂತ ಬರೆದಳು. ಕಾಲಂ ವಿಷಯ ಬರೆಯಲೇ ಇಲ್ಲ.

ಹಾಗೆ ಎಂಟು ತಿಂಗಳು. 'ಊರಿನವರನ್ನೆಲ್ಲ ಮೇಲೆ ಕಳಿಸೋನು ಅಂತ ನನ್ನನ್ನು ಗೆಳೆಯರು ಆಡಿಕೊಳ್ಳುತ್ತಾರೆ, ಇದು ದೂರಾಗುತ್ತಾ?' ಅಂತ ಅವನು. 'ಕೆಳಗಿಳಿಸುವುದೂ ತಾವೇ ಆದ್ದರಿಂದ ದೂರು ವಜಾ' ಅಂತ ಇವಳು. ಒಂದು ದಿನ ಅವನು, 'ಎರಡು ಮಹಡಿಗಳ ಮಧ್ಯೆ ಕತ್ತಲಲ್ಲಿ ಕೂತಾಗ ಕೆಲವು ಸಲ ಯಾರಾದರೂ ಕರೆಯಲಿ ಅನ್ನಿಸುತ್ತೆ' ಅಂತ ಬರೆದ. ಅದಕ್ಕೆ ಸರ್ಕಾರಿ ಭಾಷೆಯಲ್ಲಿ ಉತ್ತರ ಎಲ್ಲಿಂದ ತರೋದು? 'ಗಮನಿಸಲಾಗಿದೆ' ಅಂತ ಬರೆದು, ಮನೆಗೆ ಹೋಗಿ ಅತ್ತಳು.

ಮನೆ ಅಂದರೇನು, ಬೀಗ ತೆಗೆದರೆ ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಅಮ್ಮ ಹೋದ ಮೇಲೆ ಅವಳನ್ನು 'ಊಟ ಆಯ್ತಾ' ಅಂತ ಕೇಳುವವರಿರಲಿಲ್ಲ. ತಮ್ಮ ತಿಂಗಳಿಗೊಮ್ಮೆ ಫೋನ್ ಮಾಡಿ, "ಅಕ್ಕಾ, ಎಲ್ಲಾ ಆರಾಮಾ?" ಅನ್ನುತ್ತಿದ್ದ. ಆರಾಮು ಅಂದ ಕೂಡಲೇ ಇಟ್ಟುಬಿಡುತ್ತಿದ್ದ.

ಅಷ್ಟರಲ್ಲಿ ಆದೇಶ ಬಂತು. ಆಸ್ಪತ್ರೆಯ ವಾರ್ಡುಗಳಲ್ಲಿ ರೋಗಿಗಳ ಕಡೆಯವರು ನೆಟ್ ಸಿಗದೆ ಪರದಾಡುತ್ತಿದ್ದಾರೆ, ಜನ ಬಳಸದ ಪೆಟ್ಟಿಗೆಗಳನ್ನು ಕಿತ್ತು ಅಲ್ಲಿಗೆ ಹಾಕಿ. ಪಟ್ಟಿ ಮಾಡಬೇಕಾದವಳು ಇವಳೇ. ಹಳೇ ಪಾರ್ಕಿನ ಹೆಸರಿನ ಮುಂದೆ ದಿನದ ಬಳಕೆದಾರರು: ಒಬ್ಬರು.

"ಯಾರಮ್ಮ ಈ ಒಬ್ಬ, ದಿನಾ ತಪ್ಪದೆ ಬರೋನು?" ಅಂದರು ಎಂಜಿನಿಯರ್ ಸಾಹೇಬರು.

"ನನಗೇನು ಗೊತ್ತು ಸರ್!" ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಒಂದರ ಮುಂದೆ ಇನ್ನೊಂದು ಅಂಕಿ ಸೇರಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಅಮ್ಮನ ಕೊನೆಯ ದಿನಗಳಲ್ಲಿ ಅದೇ ಆಸ್ಪತ್ರೆಯ ವಾರ್ಡಿನ ಹೊರಗೆ, ನೆಟ್ ಸಿಗದೆ, ತಮ್ಮನಿಗೆ ಅಮ್ಮನ ಮುಖ ತೋರಿಸಲಾಗದೆ ಫೋನನ್ನು ಕಿಟಕಿಯಿಂದ ಕಿಟಕಿಗೆ ಹಿಡಿದು ಓಡಾಡಿದ್ದು ನೆನಪಾಯಿತು. ಪಾರ್ಕನ್ನು ಪಟ್ಟಿಗೆ ಸೇರಿಸಿದಳು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಳು. 'ನಾಳೆ ಸಂಜೆ ಐದಕ್ಕೆ ಸಂಪರ್ಕ ನಿಲ್ಲಲಿದೆ, ಸಹಕರಿಸಿ' ಅಂತ ಅವನಿಗೆ ಬರೆದಳು. ಅದಕ್ಕೆ ಉತ್ತರ ಬರಲಿಲ್ಲ.

ಮರುದಿನ ಲೈನ್‌ಮನ್ ಜೊತೆ ಅವಳೇ ಹೋದಳು. ಬೆಂಚಿನ ಮೇಲೆ ಕಿವಿಯ ಬಳಿ ಕೂದಲು ನರೆತ, ತೋಳಿಗೆ ಗ್ರೀಸ್ ಮೆತ್ತಿದ ಒಬ್ಬ ಫೋನು ಮುಖದ ಮುಂದೆ ಹಿಡಿದು ಮಾತಾಡುತ್ತಿದ್ದ. ತುಟಿ ಅಗಲಕ್ಕೆ ಆಡುತ್ತಿತ್ತು, ಸದ್ದು ಮಾತ್ರ ಇಲ್ಲ. ಇವಳ ಕೊರಳಿನ ಗುರುತುಚೀಟಿ ನೋಡಿ ಎದ್ದು ನಿಂತ.

"ನೀವೇನಾ ಮೇಡಂ?"

"ನಾನೇ. ಪಟ್ಟಿ ಮಾಡಿದ್ದೂ ನಾನೇ."

"ಇವಳು ನಮ್ಮಕ್ಕ." ಫೋನು ತಿರುಗಿಸಿ ತೋರಿಸಿದ. ಬಿಳಿ ತಲೆಯ ಹೆಂಗಸೊಬ್ಬಳು ಕಣ್ಣರಳಿಸಿ ನೋಡಿದಳು. "ಕಿವಿ ಪೂರ್ತಿ ಹೋಗಿದೆ. ತುಟಿ ನೋಡಿ ಮಾತು ಹಿಡೀತಾಳೆ. ಅದಕ್ಕೇ ವಿಡಿಯೋ ಬೇಕು."

ಲೈನ್‌ಮನ್ ಆಗಲೇ ಏಣಿ ಹತ್ತುತ್ತಿದ್ದ. ಈಗ ಹೇಳದಿದ್ದರೆ ಇನ್ನು ಹೇಳುವುದಕ್ಕೆ ಜಾಗವೇ ಇರುವುದಿಲ್ಲ.

"ಇನ್ನೊಂದು ತಪ್ಪಿದೆ ನಂದು. ಆ ಕಾಲಂ ತುಂಬಲೇಬೇಕು ಅಂತೇನಿರಲಿಲ್ಲ. ಖಾಲಿ ಬಿಟ್ಟಿದ್ರೂ ನೆಟ್ ಬರ್ತಿತ್ತು."

"ಎಂಟು ತಿಂಗಳು! ಇವತ್ತೇನು ಬರೀಲಪ್ಪಾ ಅಂತ ಲಿಫ್ಟಿನ ತಲೆ ಮೇಲೆ ಕೂತು ತಲೆ ಕೆರ್ಕೊಂಡಿದ್ದೀನಲ್ರೀ! ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನಿಲ್ಲಿಸಿಬಿಡ್ತಿದ್ರಿ." "ನನ್ನ ಜೊತೆ ಯಾರೂ ಮಾತಾಡಲ್ಲ. ದಿನಕ್ಕೆ ಬರ್ತಿದ್ದದ್ದು ನಿಮ್ಮ ಅದೊಂದು ಸಾಲು. ಭಾನುವಾರ ಆಫೀಸಿಗೆ ರಜೆ ಅಂತ ಸಂಕಟ ಪಡೋಳು ಊರಲ್ಲಿ ನಾನೊಬ್ಬಳೇ ಇರಬೇಕು."

ಅವನು ಫೋನನ್ನು ತನ್ನತ್ತ ಹಿಡಿದು ಮುಖ ತಿರುಗಿಸಿಕೊಂಡ. ಬೈಯುತ್ತಾನೆ ಅಂದುಕೊಂಡಳು. ಅವನ ತುಟಿ ಏನೋ ಗೊಣಗಿತು, ಗಾಳಿಗೂ ಕೇಳದಷ್ಟು ಮೆಲ್ಲಗೆ.

ಫೋನಿನಿಂದ ಗಂಟಲು ಹರಿದುಕೊಂಡು ಬಂತು ಅಕ್ಕನ ಸ್ವರ: "ಗೊತ್ತಿದ್ರೂ ಬರೀತಿದ್ದೆ ಅಂತ ನನ್ನ ಮುಂದೆ ಯಾಕೋ ಹೇಳ್ತೀಯಾ? ಅವಳಿಗೆ ಹೇಳೋ, ಮಂಕೇ!"

ಏಣಿಯ ಮೇಲಿದ್ದ ಲೈನ್‌ಮನ್ ಕಿಸಕ್ಕೆಂದ. ಲಿಫ್ಟ್ ರಿಪೇರಿಯವನು ಕಿವಿಯವರೆಗೂ ಕೆಂಪಾದ. ಅಷ್ಟರಲ್ಲಿ ಪೆಟ್ಟಿಗೆಯ ವೈರು ಕಳಚಿತು, ಅಕ್ಕನ ಮುಖ ನಗುವಿನ ಮಧ್ಯದಲ್ಲೇ ನಿಂತುಹೋಯಿತು.

"ಆಸ್ಪತ್ರೆ ಗೇಟಿನ ಹತ್ರ ನಾಳೆಯಿಂದ ಚೆನ್ನಾಗಿ ಸಿಗುತ್ತೆ," ಅಂದಳು ಅವಳು, ನೆಲ ನೋಡುತ್ತಾ. "ಅಕ್ಕನ ಜೊತೆ ಅಲ್ಲಿ ಮಾತಾಡಬಹುದು."

"ಅಕ್ಕಂದು ಆಯ್ತು. ನಿಮ್ಮ ಜೊತೆ?"

ಅವಳು ತಲೆ ಎತ್ತಿದಳು. "ಐದೂವರೆಗೆ ನನ್ನ ಕೆಲಸ ಮುಗಿಯುತ್ತೆ. ಮೂರನೇ ಮಹಡಿ. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ."

"ಲಿಫ್ಟ್ ಇಲ್ಲದ ಕಟ್ಟಡಕ್ಕೆ ನಾನು ಇವತ್ತಿನವರೆಗೂ ಕಾಲಿಟ್ಟಿಲ್ಲ," ಅಂದ ಅವನು. ಆಮೇಲೆ ಅವಳ ಕಣ್ಣನ್ನೇ ನೋಡಿ, ಈ ಸಲ ಕೇಳಿಸುವ ಹಾಗೆ ಅಂದ: "ಹತ್ತಿ ಬರ್ತೀನಿ."