ರಸ್ತೆಗೆ ಹರವಿದ ಭತ್ತ

ಹಾಲಿನ ವ್ಯಾನಿನ ಡ್ರೈವರ್ ಬಸವರಾಜ್ ಗಕ್ಕನೆ ಬ್ರೇಕ್ ಒತ್ತಿದಾಗ ಬೆಳಗಿನ ಐದೂ ಮುಕ್ಕಾಲು. ಕಂಪ್ಲಿಯ ಹೊರಗೆ, ಕಾಲುವೆ ಪಕ್ಕದ ರಸ್ತೆಯ ತಿರುವಿನಲ್ಲಿ, ಅರ್ಧ ರಸ್ತೆಗೆ ಭತ್ತ ಹರವಿತ್ತು. ಭತ್ತದ ಮೇಲೆ ಒಂದು ಸ್ಕೂಟರ್ ಅಡ್ಡ ಬಿದ್ದಿತ್ತು. ಪಕ್ಕದಲ್ಲಿ ಅಂದಾನಪ್ಪ ಬಿದ್ದಿದ್ದರು— ಕಂಪ್ಲಿಯ ರೈಸ್ ಮಿಲ್ ಮಾಲೀಕರು, ಅರವತ್ತರ ಗಟ್ಟಿ ಆಳು. ತಲೆಯ ಎಡಭಾಗ ಒಡೆದಿತ್ತು. ಭತ್ತದ ಅಂಚಿಗೆ ಸಾಲಾಗಿ ಇಟ್ಟಿದ್ದ ಕಲ್ಲುಗಳಲ್ಲಿ ಒಂದಕ್ಕೆ ರಕ್ತ ಮೆತ್ತಿತ್ತು. ಉಸಿರಿರಲಿಲ್ಲ.

ಬಸವರಾಜ್ ಈ ಕಾಲದವರೆಲ್ಲ ಮಾಡುವುದನ್ನೇ ಮಾಡಿದ. ಮೊದಲು ಮೊಬೈಲಿನಲ್ಲಿ ಎರಡು ಫೋಟೊ ಹೊಡೆದ. ಆಮೇಲೆ ಪೊಲೀಸರಿಗೆ ಫೋನ್ ಮಾಡಿದ.

ಪೊಲೀಸರಿಗೆ ಹೆಚ್ಚು ತಲೆ ಕೆಡಿಸಿಕೊಳ್ಳುವ ಕೆಲಸವೇ ಬೀಳಲಿಲ್ಲ. ಸುಗ್ಗಿಯಲ್ಲಿ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಹಗಲು ಹರವುತ್ತಾರೆ, ಸಂಜೆ ರಾಶಿ ಮಾಡಿ ತಾಡಪಾಲು ಹೊಚ್ಚುತ್ತಾರೆ. ಈ ಭತ್ತ ಯಾರದು? ಎರಡೆಕರೆ ಗದ್ದೆಯನ್ನು ಕೋರಿಗೆ— ಬೆಳೆಯಲ್ಲಿ ಪಾಲು ಕೊಟ್ಟು— ಮಾಡುವ ಹನುಮಣ್ಣನದು. ಸಂಜೆ ರಾಶಿ ಮಾಡದೆ ಹಾಗೇ ಬಿಟ್ಟುಹೋಗಿದ್ದಾನೆ, ನಸುಕಿನಲ್ಲಿ ಮಿಲ್ಲಿಗೆ ಹೊರಟ ಅಂದಾನಪ್ಪ ಜಾರಿ ಬಿದ್ದಿದ್ದಾರೆ. ನಿರ್ಲಕ್ಷ್ಯದಿಂದ ಆದ ಸಾವು. ಕೇಸು ಬಿತ್ತು. ಹನುಮಣ್ಣ ಜಾಮೀನಿನ ಮೇಲೆ ಮನೆಗೆ ಬಂದ.

ನಾಲ್ಕನೆಯ ದಿನ ಅವನ ಹೆಂಡತಿ ಎರ್ರೆಮ್ಮ ಹೊಸಪೇಟೆಯ ನನ್ನ ಜೆರಾಕ್ಸ್ ಅಂಗಡಿಗೆ ಬಂದಳು.

ಜೆರಾಕ್ಸ್ ಮಾಡಿಸಲಿಕ್ಕಲ್ಲ. ನನ್ನ ಅಂಗಡಿಯ ಮುಂದಿನ ಬೆಂಚೇ ಸುಮಂಗಲಾ ಅಕ್ಕಾರ ಆಫೀಸು. ಹದಿನೆಂಟು ವರ್ಷ ವಿಮೆ ಕಂಪನಿಗಳಿಗೆ ಅಪಘಾತದ ತನಿಖೆ ಮಾಡಿ, ಈಗ ಸ್ವಂತ ಪತ್ತೇದಾರಿಕೆ. ಊರಿಗೆ ಅವರೊಬ್ಬರೇ. ಹಾಳೂರಿಗೆ ಉಳಿದವನೇ ಗೌಡ ಎಂದು ನಾನು ಆಗಾಗ ಚುಡಾಯಿಸುತ್ತೇನೆ. ನಾನು ವಿಜಯಕುಮಾರ್, ಅವರ ಡ್ರೈವರ್, ಫೋಟೊ ಪ್ರಿಂಟರ್ ಮತ್ತು ಪುಕ್ಕಟೆ ಸಹಾಯಕ.

"ಅಕ್ಕಾರ, ನನ ಗಂಡ ಮೂರು ದಿನ ಆತು ಅನ್ನ ಮುಟ್ಟಿಲ್ರಿ," ಎಂದಳು ಎರ್ರೆಮ್ಮ. "ನಾನ ಧಣ್ಯಾರನ್ನ ಕೊಂದೆ ಅಂತಾನ. ಹೋಗಿ ಹೋಗಿ ಕಾಲುವಿ ದಂಡಿಗೆ ಕುಂದರತಾನ. ನನಗ ಭಾಳ ಹೆದರಿಕಿ ಆಗೈತ್ರಿ."

"ಅಂವ ಮಾಡಿಲ್ಲ ಅಂತ ನೀವು ಹೆಂಗ ಹೇಳ್ತೀರಿ?"

"ಅವತ್ತ ರಾಶಿ ಮಾಡಿದ್ದು ನಾನ್ರಿ! ಅಂವ ಕುಡದು ಮನ್ಯಾಗ ಬಿದ್ದಿದ್ದ. ಈ ಕೈಲೆ ಭತ್ತ ಬಳದು ಒಟ್ಟಿ, ಮ್ಯಾಲೆ ಬೆನಕಪ್ಪನ್ನ ಇಟ್ಟು, ತಾಡಪಾಲು ಹೊಚ್ಚಿ, ಕೈ ಮುಗದು ಮನಿಗೆ ಬಂದೀನಿ."

"ಪೊಲೀಸರಿಗೆ ಹೇಳಿದ್ರಾ?"

"ಹೇಳ್ದೆ. ಗಂಡನ್ನ ಉಳಿಸಾಕ ಎಲ್ಲಾ ಹೆಂಡ್ರೂ ಹಿಂಗ ಹೇಳ್ತಾರ ಅಂದ್ರು. ಹೋಗ್ಲಿ, ಅವರು ಪೊಲೀಸರು. ನನ ಗಂಡನೂ ಅದನ್ನ ಅಂತಾನ್ರಿ— ನನ್ನ ಸಲುವಾಗಿ ಸುಳ್ಳು ಹೇಳಬ್ಯಾಡ ಅಂತ."

ಆಕೆ ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಸುಮಂಗಲಾ ಅಕ್ಕಾರು ಎದ್ದು ನನ್ನ ಕಡೆ ನೋಡಿದರು. ನಾನು ಅಂಗಡಿಯ ಶಟರ್ ಎಳೆದೆ.

*

ತಿರುವಿನಲ್ಲಿ ಬಸವರಾಜ್ ನಮಗಾಗಿ ಕಾಯುತ್ತಿದ್ದ. ಭತ್ತವನ್ನು ಯಾರೋ ರಸ್ತೆಯ ಬದಿಗೆ ತಳ್ಳಿದ್ದರು. ಅಕ್ಕಾರು ಅವನ ಮೊಬೈಲಿನ ಫೋಟೊಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು.

"ನೀ ಬಂದಾಗ ಇಲ್ಲಿ ಬ್ಯಾರೆ ಯಾರಿದ್ರು?"

"ನರಪಿಳ್ಳೆ ಇರಲಿಲ್ರಿ."

"ಏನಾರ ಮುಟ್ಟಿದ್ಯಾ? ಎತ್ತಿಟ್ಯಾ?"

"ಶಿವನಾಣಿ ಇಲ್ರಿ. ಫೋಟೊ ಹೊಡದು ದೂರ ನಿಂತೆ, ಏನ್ ಮುಟ್ತೀನಿ?"

ಅಕ್ಕಾರು ರಸ್ತೆ ಪಕ್ಕದ ಕಿಲೋಮೀಟರ್ ಕಲ್ಲಿನ ಹತ್ತಿರ ಹೋದರು. ಅದರ ತಲೆಯ ಮೇಲೆ ಒಣಗಿದ ಸೆಗಣಿಯ ಉಂಡೆಯೊಂದು ಕೂತಿತ್ತು, ಅದಕ್ಕೆ ಬಾಡಿದ ಗರಿಕೆ ಸಿಕ್ಕಿಸಿತ್ತು. ಅದನ್ನು ಮೆಲ್ಲಗೆ ಎತ್ತಿ ತಿರುವಿ ನೋಡಿದರು. ತಳಕ್ಕೆ ಹತ್ತಿಪ್ಪತ್ತು ಭತ್ತದ ಕಾಳು ಕಚ್ಚಿಕೊಂಡಿದ್ದವು.

"ಹೆಣ ಬಿದ್ದ ಜಾಗ ಬಿಟ್ಟು ಸೆಗಣಿ ನೋಡ್ತೀರಲ್ಲಕ್ಕಾ," ಎಂದೆ.

"ಇದರ ಫೋಟೊ ತಗಿ. ಮ್ಯಾಲಿಂದೊಂದು, ತಳದ್ದೊಂದು," ಎಂದರು ಅವರು.

*

ಅಂದಾನಪ್ಪನ ಮನೆಯಲ್ಲಿ ಅವರ ಹೆಂಡತಿ ಕೊಟ್ರಬಸಮ್ಮ ಗೋಡೆಗೊರಗಿ ಕೂತಿದ್ದರು. ಪಕ್ಕದಲ್ಲಿ ಮಗಳು ಪೂಜಿತಾ. ಗಂಡನ ಜೊತೆ ಜಗಳಾಡಿಕೊಂಡು ತವರಿಗೆ ಬಂದು ತಿಂಗಳಾಗಿತ್ತಂತೆ.

"ಅಳಿಯಾರು ಇಲ್ಲಿಗೆ ಬಂದಿದ್ರಾ?" ಅಕ್ಕಾರು ಕೇಳಿದರು.

ಪೂಜಿತಾ ತಲೆ ತಗ್ಗಿಸಿದಳು. ಉತ್ತರ ತಾಯಿ ಕೊಟ್ಟರು.

"ಸಾಯೋ ಎರಡು ದಿನ ಮೊದಲ ಬಂದಿದ್ದ. ಮಗಳನ್ನ ಕಳಸಲ್ಲ ಅಂದ್ರು ಇವರು. 'ನಿಮ್ಮನ್ನ ನೋಡ್ಕೊಂತೀನಿ' ಅಂತ ಬಾಗಲಾಗ ನಿಂತು ಕೂಗಿ ಹೋದ."

"ಆಮ್ಯಾಲೆ?"

"ಇವರು ಐದಕ್ಕ ಸ್ಕೂಟರ್ ತಗಂಡು ಹೋದ್ರಾ... ಆರಕ್ಕ ಅವನ ಕಾರು ಮನಿ ಮುಂದ ನಿಂತಿತ್ರಿ. ಸುದ್ದಿ ಇನ್ನೂ ಬಂದಿರಲಿಲ್ಲ."

ಮುಗಿಯಿತಲ್ಲ! ಬೆದರಿಕೆ ಹಾಕಿದ, ನಸುಕಿನಲ್ಲಿ ಬಂದ, ಮಾವ ಸತ್ತ. ಇನ್ನೇನು ಬೇಕು? ಅಳಿಯ ಹಾಲೇಶ್ ದೋಣಿಮಲೈ ಗಣಿಯಲ್ಲಿ ಎಂಜಿನಿಯರ್. ನಾನು ಕಾರಿನ ಕೀ ತಿರುವಿದೆ.

ದೋಣಿಮಲೈಗೆ ಹೊರಡುವ ಮುಂಚೆ ಅಕ್ಕಾರು ಹೇಳಿದಂತೆ ಮಿಲ್ಲಿಗೆ ಹೋದೆವು. ಅಂದಾನಪ್ಪನ ತಮ್ಮ ಬಸವಕುಮಾರ್ ಅಲ್ಲಿದ್ದರು. ಮೂವತ್ತು ವರ್ಷದಿಂದ ಮಿಲ್ ನಡೆಸುವವರು ಅವರೇ. ಅಂಗಳದಲ್ಲಿ ಕುದಿಸಿದ ಭತ್ತ ಹರವಿತ್ತು. ನನ್ನ ಚಪ್ಪಲಿ ಅದರ ಅಂಚಿಗೆ ತಾಗಿತೋ ಇಲ್ಲವೋ, ಅವರು ಗದರಿಬಿಟ್ಟರು:

"ಏ, ಚಪ್ಲಿ ಬಿಡ್ರಿ ಆಕಡೆ! ತಿನ್ನೋ ಅನ್ನ ಅದು."

ಆಮೇಲೆ ಅವರೇ ನೊಂದುಕೊಂಡು ಚಹಾ ತರಿಸಿದರು.

"ಅವತ್ತ ಮುಂಜಾನೆ ನೀವೆಲ್ಲಿದ್ರಿ?" ಅಕ್ಕಾರು ಕೇಳಿದರು.

"ಇಲ್ಲೆ. ನಾಕಕ್ಕ ಬಂದು ಬಾಯ್ಲರ್ ಹಚ್ಚಿಸಿದೆ. ಸುದ್ದಿ ಬರೋತನ ಇಲ್ಲೇ ಇದ್ದೆ." ಅವರ ಕಣ್ಣು ತುಂಬಿ ಬಂತು. ನನಗೂ ಪಾಪ ಅನ್ನಿಸಿತು.

*

ದೋಣಿಮಲೈಯ ಕಂಪನಿ ಕ್ವಾರ್ಟರ್ಸಿನಲ್ಲಿ ಹಾಲೇಶ್ ಬಾಗಿಲು ತೆಗೆದ. ಗಡ್ಡ ಬೋಳಿಸದೆ ವಾರವಾಗಿತ್ತು.

"ನಾನ ಕೊಂದೆ ಅಂತ ಬಂದೀರೇನು?" ಎಂದ ಒಮ್ಮೆಲೇ.

"ಯಾರೂ ಹಂಗ ಅಂದಿಲ್ಲ. ಕುಂದ್ರಿ. ಅವತ್ತ ಯಾಕ ಹೋದ್ರಿ?"

"ತಪ್ಪಾತು ಅಂತ ಹೇಳಾಕ. ನಾಕಕ್ಕ ಬಿಟ್ಟೆ. ಸಂಡೂರು ದಾಟಿ ಹೊಸಪೇಟಿ ಬಂಕಿನಾಗ ಡೀಸೆಲ್ ಹಾಕಿಸಿದೆ. ಹೊತ್ತು ನೋಡ್ರಿ." ಮೊಬೈಲ್ ಚಾಚಿದ. ಹಣ ಕಟ್ಟಿದ ಸಮಯ ಐದೂ ಇಪ್ಪತ್ತೈದು.

ಹೊಸಪೇಟೆಯಿಂದ ಕಂಪ್ಲಿಗೆ ಮೂವತ್ತು ಕಿಲೋಮೀಟರ್. ಎಷ್ಟೇ ಓಡಿಸಿದರೂ ಐದೂ ಮುಕ್ಕಾಲಿಗೆ ಆ ತಿರುವು ಮುಟ್ಟುವಂತಿಲ್ಲ, ಮುಟ್ಟಿ ಕೊಲೆ ಮಾಡುವುದಂತೂ ದೂರದ ಮಾತು. ಬಂಕಿನ ಕ್ಯಾಮೆರಾದಲ್ಲಿ ಅವನ ಮುಖವೂ ಇತ್ತೆಂದು ಆಮೇಲೆ ತಿಳಿಯಿತು. ಬೆಟ್ಟ ಅಗೆದು ಇಲಿಯನ್ನೂ ಹಿಡಿಯಲಿಲ್ಲ ನಾನು.

ಅಕ್ಕಾರಿಗೆ ಮಾತ್ರ ಬೇಸರವಾದಂತೆ ಕಾಣಲಿಲ್ಲ. ಬಸವರಾಜ್ ಹೊಡೆದ ಫೋಟೊ ತೋರಿಸಿ ಕೇಳಿದರು, "ಈ ಕಿಲೋಮೀಟರ್ ಕಲ್ಲಿನ ಮ್ಯಾಲೇನೈತಿ?"

"ಸೆಗಣಿ. ಯಾಕ್ರಿ?"

"ಹಂಗ ಕೇಳ್ದೆ. ನಿಮ್ಮ ಮಾವ ಮಿಲ್ ಬಗ್ಗೆ ಏನಾರ ಹೇಳಿದ್ರಾ?"

"ಕೆಡವಿಸಿ ಕಲ್ಯಾಣ ಮಂಟಪ ಕಟ್ಟಸೋರಿದ್ರು. ಜಾಗ ಅವರ ಹೆಸರಿಲೆ ಐತಿ. ತಮ್ಮಗ ಇನ್ನೂ ಹೇಳಿಲ್ಲ ಅಂದಿದ್ರು."

ಆಗಲೇ ಅಕ್ಕಾರ ಫೋನು ಹೊಡೆದುಕೊಂಡಿತು. ಎರ್ರೆಮ್ಮನ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು.

"ಅಂವ ಮನ್ಯಾಗಿಲ್ರಿ! ಕಾಲುವಿ ಕಡೆ ಹೋದ ಅಂತಾರ್ರಿ!"

"ಓಣಿ ಮಂದಿನ್ನ ಕರೀರಿ! ಓಡ್ರಿ! ಅಂವ ಕೊಂದಿಲ್ಲ ಅಂತ ಹೇಳ್ರಿ, ನಾನು ಬಂದು ತೋರಸ್ತೀನಿ ಅಂತ ಹೇಳ್ರಿ!"

ಸಂಡೂರಿನ ಘಟ್ಟದ ತಿರುವುಗಳಲ್ಲಿ ಅದಿರು ಲಾರಿಗಳ ಹಿಂದೆ ಸಿಕ್ಕಿಕೊಂಡು ನಾನು ಆ ದಿನ ಎಷ್ಟು ಹಾರ್ನ್ ಹೊಡೆದೆನೋ. ಯಶವಂತನಗರ ದಾಟುವಾಗ ಮತ್ತೆ ಫೋನ್ ಬಂತು. ಹನುಮಣ್ಣ ಮೊಣಕಾಲುದ್ದ ನೀರಿಗಿಳಿದಿದ್ದನಂತೆ. ಇಬ್ಬರು ಹಿಡಿದು ಮನೆಗೆ ತಂದಿದ್ದಾರೆ. ಬಾಗಿಲಲ್ಲಿ ಕಾವಲು ಕೂತಿದ್ದಾರೆ.

"ಎಷ್ಟು ದಿನ ಕಾಯ್ತಾರಕ್ಕಾ?" ಎಂದೆ.

"ಇವತ್ತು ಸಂಜಿತನ ಸಾಕು," ಎಂದ ಅಕ್ಕಾರು ಸಬ್ ಇನ್ಸ್‌ಪೆಕ್ಟರಿಗೆ ಫೋನ್ ಹಚ್ಚಿದರು.

*

ಸಂಜೆ ಐದಕ್ಕೆ ಮಿಲ್ಲಿನ ಅಂಗಳ. ಹೆಣ್ಣಾಳುಗಳು ಭತ್ತ ಬಳಿದು ರಾಶಿ ಮಾಡುತ್ತಿದ್ದರು. ಸಬ್ ಇನ್ಸ್‌ಪೆಕ್ಟರ್ ಕೈಕಟ್ಟಿ ನಿಂತಿದ್ದರು. ಬಸವಕುಮಾರ್ ಕುರ್ಚಿ ತರಿಸಿದರು. ಯಾರೂ ಕೂರಲಿಲ್ಲ.

"ಈ ಫೋಟೊ ಐದೂ ಮುಕ್ಕಾಲಿನದು," ಅಕ್ಕಾರು ನಾನು ಪ್ರಿಂಟ್ ಮಾಡಿದ ಹಾಳೆ ಹಿಡಿದರು. "ಪೊಲೀಸರು ಬರೋದಕ್ಕಿಂತ ಮೊದಲಿನದು. ಕಿಲೋಮೀಟರ್ ಕಲ್ಲ ಮ್ಯಾಲೆ ಏನೈತಿ ನೋಡ್ರಿ, ಸಾಹೇಬ್ರ."

"ಸೆಗಣಿ ಉಂಡಿ."

"ಎಲ್ಲಾರೂ ಅದನ್ನ ಅಂದ್ರು. ಎಂಜಿನಿಯರೂ ಅಂದ್ರು, ನಮ್ಮ ವಿಜಯನೂ ಅಂದ. ಅದು ಬೆನಕಪ್ಪ. ರಾಶಿ ನೆತ್ತಿ ಮ್ಯಾಲೆ ಇಡೋ ದ್ಯಾವರು. ಭತ್ತ ಹರವಿದ್ದಾಗ ಇಡಂಗಿಲ್ಲ. ರಾಶಿ ಆದ ಮ್ಯಾಲನ ಇಡೋದು. ತಳದಾಗ ನೋಡ್ರಿ, ಭತ್ತ ಕಚ್ಚೈತಿ. ಅಂದ್ರ ಹಸಿ ಇದ್ದಾಗ ಭತ್ತದ ಮ್ಯಾಲೆ ಕುಂತಿತ್ತು. ಎರ್ರೆಮ್ಮ ರಾಶಿ ಮಾಡಿದ್ದು ಖರೇ."

"ಮತ್ತ ಕಲ್ಲಿನ ಮ್ಯಾಲೆ ಯಾರಿಟ್ರು?"

"ಅದ ಪ್ರಶ್ನೆ! ಯಾರೋ ನಸುಕಿನಾಗ ತಾಡಪಾಲು ತಗದ್ರು. ರಾಶಿ ಎಳದು ರಸ್ತೆಗೆ ಹರವಿದ್ರು, ಸ್ಕೂಟರ್ ಜಾರ್ತು ಅಂತ ತೋರ್ಸಾಕ. ಹನುಮಣ್ಣ ಹರವಿದ ಅಂತೀರಾ? ಇಬ್ಬನಿ ಬೀಳೋ ಹೊತ್ತಿನಾಗ ಯಾವ ರೈತನೂ ಭತ್ತ ಬಿಚ್ಚಂಗಿಲ್ಲ. ಹೆಣ ಬಿದ್ದೈತಿ, ಬೆಳಕು ಹರಿಯಾಕ ಬಂದೈತಿ, ಅಷ್ಟು ಗಾಬರ‍್ಯಾಗ ಬ್ಯಾರೆಯವ ಆದ್ರ ಆ ಉಂಡಿನ್ನ ನೋಡ್ತಾನ ಇರಲಿಲ್ಲ. ಕಾಲಿಲೆ ಒದಿತಿದ್ದ. ಇಂವ ಒದಿಲಿಲ್ಲ. ಎತ್ತಿ, ಕಾಲಿಗೆ ಸಿಗಬಾರದು ಅಂತ ಎತ್ತರದಾಗ ಇಟ್ಟ. ಹುಟ್ಟಿದಾಗಿಂದ ಭತ್ತದ ನಡುವ ಬೆಳದವ ಅಂವ. ಭತ್ತಕ್ಕ ಚಪ್ಲಿ ತಾಗಿದ್ರ ಜೀವ ಹೋಗತೈತಿ ಅವಂಗ."

ಬಸವಕುಮಾರ್ ನಕ್ಕರು. ನಗು ತುಟಿ ದಾಟಲಿಲ್ಲ. "ಕಂಪ್ಲ್ಯಾಗ ಭತ್ತದ ನಡುವ ಬೆಳದವರು ಸಾವಿರ ಮಂದಿ ಅದಾರ."

"ಅದಾರ. ಅದರಾಗ ಬಾಯ್ಲರ್ ಹತ್ರ ಇದ್ದೆ ಅಂತ ಸುಳ್ಳು ಹೇಳಿದವರು ಒಬ್ಬರ. ಹಂಪಕ್ಕಾ, ಇವರು ಅವತ್ತ ಎಷ್ಟಕ್ಕ ಬಂದ್ರು?"

ಬಾಯ್ಲರಿಗೆ ಹೊಟ್ಟು ಹಾಕುವ ಹಂಪಕ್ಕ ಸೆರಗು ಬಾಯಿಗಿಟ್ಟುಕೊಂಡಳು. "ನಾಕಕ್ಕ ಬಂದು ಹಚ್ಚಿಸಿ ಹೋದ್ರು. ಮತ್ತ ಬಂದಾಗ ಆರು ಹೊಡದಿತ್ರಿ. ಆಗಲೆ ನೀವು ಬಂದು ಕೇಳೋತನ ನನ್ನ ಯಾರೂ ಕೇಳಿರಲಿಲ್ರಿ."

ಅಕ್ಕಾರು ಬಸವಕುಮಾರರ ಹತ್ತಿರ ಹೋಗಿ ನಿಂತರು. ದನಿ ಇಳಿಯಿತು.

"ಬಸವಕುಮಾರಣ್ಣ, ಪಕ್ಕದಾಗ ಕಾಲುವಿ ತುಂಬಿ ಹರೀತಿತ್ತು. ಬೆನಕಪ್ಪನ್ನ ನೀರಿಗೆ ಒಗದಿದ್ರ ಈ ಕೇಸ ಇರತಿರಲಿಲ್ಲ. ಯಾಕ ಒಗೀಲಿಲ್ಲ?"

ಹೆಣ್ಣಾಳುಗಳ ಕೈಗಳು ನಿಂತಿದ್ದವು.

"ಹೆಂಗ ಒಗೀಲ್ರಿ?" ಎಂದರು ಬಸವಕುಮಾರ್.

ಸಬ್ ಇನ್ಸ್‌ಪೆಕ್ಟರ್ ಒಂದು ಹೆಜ್ಜೆ ಮುಂದೆ ಬಂದರು. ಬಸವಕುಮಾರ್ ತಾವಾಗಿಯೇ ಹೇಳತೊಡಗಿದರು.

"ಜಾಗ ಅಳತಿ ಮಾಡಾಕ ಬಂದವನ ಬಾಯಿಂದ ಗೊತ್ತಾತು, ಮಿಲ್ ಕೆಡವ್ತಾರ ಅಂತ. ಮೂವತ್ತು ವರ್ಷ ಇಲ್ಲೇ ಉಂಡೀನಿ, ಇಲ್ಲೇ ಮಲಗೀನಿ. ರಸ್ತ್ಯಾಗ ನಿಲ್ಲಿಸಿ ಕೈ ಮುಗದೆ. ಅಣ್ಣ ನಕ್ಕ. ಮಂಟಪದಾಗ ಬಾಗಲಾ ಕಾಯಾಕ ಇಟ್ಕೊಂತೀನಿ ಬಾ ಅಂದ. ಕೈಗೆ ಕಲ್ಲು ಸಿಕ್ತು."

"ಹನುಮಣ್ಣ ನೆನಪಾಗಲಿಲ್ಲೇನು?" ಅಕ್ಕಾರು ಕೇಳಿದರು.

"ಅಂವಗ ಒಂದಿಷ್ಟು ದಂಡ ಹಾಕ್ತಾರ, ಅದನ್ನ ನಾನ ಕಟ್ಟಿದ್ರಾತು ಅಂದ್ಕೊಂಡಿದ್ದೆ."

ನನಗೆ ಮೈ ಉರಿದುಹೋಯಿತು. ಸೆಗಣಿಯ ಬೆನಕನನ್ನು ತುಳಿಯದ ಈ ಮನುಷ್ಯ ಜೀವಂತ ಹನುಮಣ್ಣನನ್ನು ತುಳಿದುಕೊಂಡು ಹೋಗಿದ್ದ, ಅದೂ ಚಪ್ಪಲಿ ಕಾಲಿನಲ್ಲಿ. ಬೆಳಗ್ಗೆ ಇವನಿಗಾಗಿ ಪಾಪ ಅಂದುಕೊಂಡದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

*

ಹನುಮಣ್ಣನ ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅವನು ಒಳಗೋಡೆಗೆ ಮುಖ ಮಾಡಿ ಕೂತಿದ್ದ. ಬಾಗಿಲಲ್ಲಿ ಕಾವಲಿದ್ದವರು ಎದ್ದು ದಾರಿ ಬಿಟ್ಟರು. ಸಬ್ ಇನ್ಸ್‌ಪೆಕ್ಟರೇ ಮೊದಲು ಮಾತಾಡಿದರು.

"ಹನುಮಣ್ಣ, ನಿನ್ನ ಭತ್ತದಿಂದ ಯಾರೂ ಸತ್ತಿಲ್ಲಪ್ಪ. ಅವರ ತಮ್ಮ ಕೊಂದಾನ. ಒಪ್ಕೊಂಡಾನ."

ಅವನು ತಿರುಗಿದ. "ಭತ್ತ... ಹರವಿತ್ತಲ್ರಿ?"

"ರಾಶಿ ಆಗಿತ್ತು," ಎಂದರು ಅಕ್ಕಾರು. "ನಿನ್ನ ಹೆಂಡ್ತಿ ಮಾಡಿದ್ದಳು. ಅಂವ ಬಿಚ್ಚಿ ಹರವ್ಯಾನ."

"ಹಂಗಾರ ನಾನಲ್ಲ?"

"ನೀನಲ್ಲ."

"ಇನ್ನೊಮ್ಮೆ ಹೇಳ್ರಿ ಸಾಹೇಬ್ರ."

"ನೀನಲ್ಲಪ್ಪ."

ಹನುಮಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಹೋ ಎಂದು ಅತ್ತ. ಅಳುತ್ತಲೇ ಹೆಂಡತಿಯತ್ತ ನೋಡಿ, "ನೀ ಖರೇನ ಹೇಳಿದ್ದೆಲ್ಲಾ..." ಎಂದ.

ಅಷ್ಟು ಸಾಕಾಯಿತು. ಇಷ್ಟು ದಿನ ಕಣ್ಣಲ್ಲಿ ಹನಿ ತರದಿದ್ದ ಎರ್ರೆಮ್ಮ ಭುಗಿಲೆದ್ದಳು.

"ದಿನಾ ಹೇಳೀನಿ ನಿನಗ! ಕಾಲು ಹಿಡದು ಹೇಳೀನಿ! ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳ ಮಾತು ಸುಳ್ಳಾತು, ಖಾಕಿ ಅಂಗಿ ಬಂದು ಹೇಳಿದ್ರ ಖರೇ ಆತು, ಹೌದಲ್ಲ? ನೀರಿಗಿಳದಿದ್ದೆಲ್ಲಾ— ಮುಳುಗಿದ್ರ ನಾ ಯಾರ ಮುಂದ ಹೇಳಬೇಕಿತ್ತೋ?"

ಸಬ್ ಇನ್ಸ್‌ಪೆಕ್ಟರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅಕ್ಕಾರು ನನ್ನ ತೋಳು ಹಿಡಿದು ಹೊರಗೆ ಎಳೆದರು. ಒಳಗೆ ಹನುಮಣ್ಣನ ದನಿ ಕೇಳಿಸಿತು: "ತಪ್ಪಾತು ಬೇ. ತಪ್ಪಾತು."

ಸ್ವಲ್ಪ ಹೊತ್ತಿಗೆ ಎರ್ರೆಮ್ಮ ಅನ್ನದ ತಾಟು ನೆಲಕ್ಕಿಟ್ಟ ಸದ್ದಾಯಿತು.