ಸಿಗುವ ಮೊದಲೇ ಎರೆದ ಎಣ್ಣೆ

ಸೋಮವಾರ ಬೆಳಗ್ಗೆ ಹತ್ತೂವರೆಗೆ ಆನೈಮಲೈ ಠಾಣೆಗೆ ದೂರು ಬಂತು. ದೂರಿನ ಜೊತೆಗೆ ಅರ್ಧ ಬೀದಿಯೂ ಬಂತು. ಮುಂದೆ ತೆಂಗಿನ ತೋಟದ ಪೆರಿಯಸಾಮಿ, ಅವರ ಹಿಂದೆ ನೆಂಟರು, ಅಕ್ಕಪಕ್ಕದವರು, ಏನೋ ನಡೆಯುತ್ತಿದೆ ಎಂದು ದಾರಿಯಲ್ಲಿ ಸೇರಿಕೊಂಡವರು. ಎಲ್ಲರೂ ಒಟ್ಟಿಗೆ ಬಾಯಿ ತೆರೆದಿದ್ದರಿಂದ ಕಳುವಾದದ್ದು ಏನೆಂಬುದೇ ಇನ್ಸ್‌ಪೆಕ್ಟರ್ ಇಂದುಜಾಗೆ ಸ್ವಲ್ಪ ಹೊತ್ತು ತಿಳಿಯಲಿಲ್ಲ.

"ಒಬ್ಬರು ಹೇಳಿ."

"ಪಾಸ್‌ಪೋರ್ಟ್ ಮೇಡಂ. ನನ್ನ ಹೆಂಡತಿ ಲಕ್ಷ್ಮಿಯಮ್ಮಾಳ್‌ದು. ಶನಿವಾರ ವಿಮಾನ," ಎಂದರು ಪೆರಿಯಸಾಮಿ.

"ಎಲ್ಲಿಗೆ?"

"ಮಿಲೋಸ್ ದ್ವೀಪ. ಗ್ರೀಸ್ ದೇಶ. ಅಲ್ಲಿ ಕಡಲಲ್ಲಿ ಕಯಾಕ್ ಬಿಡೋದು, ಗುಡ್ಡ ಹತ್ತೋದು. ಎಂಟು ಜನ ಹೆಂಗಸರು."

ಹೆಡ್ ಕಾನ್‌ಸ್ಟೇಬಲ್ ಗೋವಿಂದಸಾಮಿಯ ಪೆನ್ನು ನಿಂತಿತು. "ಕಯಾಕ್ ಅಂದ್ರೆ ನಮ್ಮ ಪರಿಸಲಾ?"

"ಪರಿಸಲು ಗುಂಡಗೆ ಬುಟ್ಟಿ ಥರ. ಇದು ಉದ್ದ, ಬಾಳೆಕಾಯಿ ಥರ. ಸೊಂಟದ ತನಕ ಒಳಗೆ ಕೂತು ಹುಟ್ಟು ಹಾಕೋದು. ಇಬ್ಬರು ಕೂತ್ರೆ ಹಿಂದೆ ಕೂತವರೇ ದೋಣಿ ತಿರುಗಿಸೋದು. ನನ್ನ ಹೆಂಡತಿ ಹಿಂದೆ ಕೂರೋದು ಮೇಡಂ!"

ಇದನ್ನು ಹೇಳುವಾಗ ಪೆರಿಯಸಾಮಿಯ ಎದೆ ಒಂದಿಷ್ಟು ಮುಂದೆ ಬಂತು. ಕಳವಿನ ದುಃಖವನ್ನು ಅವರು ಮರೆತೇಬಿಟ್ಟಿದ್ದರು. ಹೆಂಡತಿಯ ಬಗ್ಗೆ ಹೆಮ್ಮೆಪಡುವುದರಲ್ಲಿ ಅವರನ್ನು ಮೀರಿಸುವವರು ಆ ತಾಲೂಕಿನಲ್ಲೇ ಇರಲಿಲ್ಲ. ಬಸ್ ನಿಲ್ದಾಣದ ಎದುರು ಆಳೆತ್ತರದ ಫ್ಲೆಕ್ಸ್ ಕಟ್ಟಿಸಿದ್ದರು. ಅದರಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಹುಟ್ಟು ಹಿಡಿದ ಲಕ್ಷ್ಮಿಯಮ್ಮಾಳ್, ಮೇಲೆ "ಕಡಲನ್ನು ಗೆಲ್ಲಹೊರಟ ನಮ್ಮೂರ ಸಿಂಹಿಣಿ" ಎಂದು ದಪ್ಪ ತಮಿಳಕ್ಷರ. ಮೂಲೆಯಲ್ಲಿ ಕೈ ಮುಗಿದು ನಿಂತ ಪೆರಿಯಸಾಮಿಯೂ ಇದ್ದರು, ಚುನಾವಣೆಗೆ ನಿಂತವರ ಹಾಗೆ.

ಹನ್ನೊಂದು ಇಪ್ಪತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ 305ನೇ ಕಲಂ, ಮನೆಯೊಳಗಿನ ಕಳವು. ಆರೋಪಿ ಅಪರಿಚಿತ.

ಮಧ್ಯಾಹ್ನ ಸ್ಥಳ ಪಂಚನಾಮೆ. ಬೀರುವಿನ ಬೀಗ ಒಡೆದಿರಲಿಲ್ಲ. ಪಾಸ್‌ಪೋರ್ಟ್ ಇದ್ದ ಜಾಗದ ಪಕ್ಕದಲ್ಲೇ ಚಿನ್ನದ ಸರ ಇತ್ತು, ಯಾರೂ ಮುಟ್ಟಿರಲಿಲ್ಲ. ಕೀಲಿ ಲಕ್ಷ್ಮಿಯಮ್ಮಾಳ್ ಸೊಂಟದಲ್ಲಿ. ಅರವತ್ತು ದಾಟಿದ ಗಟ್ಟಿ ಹೆಂಗಸು, ಬಿಸಿಲಿಗೆ ಕಂದಿದ ತೋಳು, ಅಂಗೈಯಲ್ಲಿ ಹುಟ್ಟು ಹಿಡಿದು ಕಟ್ಟಿದ ಜಡ್ಡು. ಪೊಲೀಸರಿಗೆ ಮಜ್ಜಿಗೆ ಕೊಟ್ಟು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

"ಕೊನೆ ಸಲ ಯಾವಾಗ ನೋಡಿದ್ರಿ?"

"ಶನಿವಾರ."

"ಯಾರ ಮೇಲಾದ್ರೂ ಅನುಮಾನ?"

"ಇಲ್ಲ."

"ಕೀಲಿ ಯಾರಿಗಾದ್ರೂ ಕೊಟ್ಟಿದ್ರಾ?"

"ಇಲ್ಲ."

ಮಾತೆಲ್ಲ ತಮಿಳಿನಲ್ಲೇ ನಡೆದಿತ್ತು. ಹೊರಡುವಾಗ ಲಕ್ಷ್ಮಿಯಮ್ಮಾಳ್ ಗಂಡನನ್ನು "ಇವರಿಗೆ ಎಳನೀರು ಕಡೀಬಾರ್ದಾ?" ಎಂದು ಗದರಿದ್ದು ಕನ್ನಡದಲ್ಲಿ. ಇಂದುಜಾ ತಿರುಗಿ ನೋಡಿದಳು. ಪೋತ್ತನೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಅವಳ ಮನೆಯಲ್ಲೂ ಬೀದಿಗೆ ತಮಿಳು, ಅಡುಗೆಮನೆಗೆ ಕನ್ನಡ. ಅದನ್ನು ತೋರಿಸಿಕೊಳ್ಳದೆ ಎಳನೀರು ಕುಡಿದು ಹೊರಟಳು.

ಪ್ರವಾಸ ನಡೆಸುವ ಮಾಧವಿ ಕೊಯಮತ್ತೂರಿನವಳು. ಪ್ರತಿ ವರ್ಷ ತಂಡ ಕಟ್ಟಿಕೊಂಡು ಮಿಲೋಸಿಗೆ ಹೋಗುತ್ತಾಳೆ, ಅದಕ್ಕೆ ಮುಂಚೆ ಪೆರಿಯಸಾಮಿ ತೋಟದ ಹಿಂದಿನ ಹಳೇ ಕಲ್ಲುಕ್ವಾರಿಯ ನೀರಿನಲ್ಲಿ ತರಬೇತಿ ಕೊಡುತ್ತಾಳೆ. ಮೊದಲ ದಿನ ಯಾರದು ಅಲ್ಲಿ ಎಂದು ಜಗಳಕ್ಕೆ ಹೋದ ಲಕ್ಷ್ಮಿಯಮ್ಮಾಳ್, ಎರಡನೇ ದಿನ ದಡದಲ್ಲಿ ಕೂತು ನೋಡಿದ್ದರು, ಮೂರನೇ ದಿನ ದೋಣಿಯಲ್ಲಿದ್ದರು. ಇಂದುಜಾ ಫೋನ್ ಮಾಡಿ ಕೇಳಿದಳು.

"ಇವರು ಹೋಗದಿದ್ದರೆ ಯಾರಿಗೆ ಲಾಭ?"

"ಯಾರಿಗೂ ಇಲ್ಲ ಮೇಡಂ. ಈಗ ಬೇರೆಯವರಿಗೆ ವೀಸಾ ಆಗೋದಿಲ್ಲ. ನಷ್ಟ ಅಂದರೆ ನನಗೇ. ಅವರಷ್ಟು ಚೆನ್ನಾಗಿ ದೋಣಿ ತಿರುಗಿಸೋರು ತಂಡದಲ್ಲಿ ಇನ್ನೊಬ್ಬರಿಲ್ಲ."

ಲಾಭವಿಲ್ಲದ ಕಳವು, ಒಡೆಯದ ಬೀಗ, ಚಿನ್ನ ಬೇಡವಾದ ಕಳ್ಳ. ಇಂದುಜಾಗೆ ತಲೆ ಓಡಲಿಲ್ಲ.

ಪೆರಿಯಸಾಮಿಗೆ ಮಾತ್ರ ತಲೆ ಓಡಿತ್ತು. ಪೊಲೀಸರು ಅವರ ಕೆಲಸ ಮಾಡಲಿ, ಅಮ್ಮ ಅವಳ ಕೆಲಸ ಮಾಡಲಿ ಎಂದು ಮಂಗಳವಾರ ಇಡೀ ಬಳಗವನ್ನು ಮಸಾಣಿ ಅಮ್ಮನ ಗುಡಿಗೆ ಹೊರಡಿಸಿದರು. ಕಳಕೊಂಡವರು ಅಲ್ಲಿ ಒಣಮೆಣಸಿನಕಾಯಿ ಅರೆದು ಅಮ್ಮನಿಗೆ ಹಚ್ಚಿದರೆ ಕದ್ದವರ ಮೈ ಉರಿಯುತ್ತದೆ, ವಸ್ತು ಮನೆಗೆ ಬರುವ ತನಕ ಉರಿ ಆರುವುದಿಲ್ಲ ಎಂಬುದು ಆ ಕಡೆಯವರ ನಂಬಿಕೆ. ವಸ್ತು ಸಿಕ್ಕಿದ ಮೇಲೆ ಅರೆದವರೇ ಬಂದು ಅಮ್ಮನಿಗೆ ಎಣ್ಣೆ ಎರೆದು ತಂಪು ಮಾಡಬೇಕು. ಮೊದಲು ಮೆಣಸಿನಕಾಯಿ, ಆಮೇಲೆ ವಸ್ತು, ಕೊನೆಗೆ ಎಣ್ಣೆ.

ಕಳ್ಳನ ಮುಖ ಏನಾದರೂ ಕಂಡೀತೇ ಎಂದು ಇಂದುಜಾ ಕೂಡ ಮಫ್ತಿಯಲ್ಲಿ ಹೋಗಿ ನಿಂತಳು. ಪೆರಿಯಸಾಮಿ ರುಬ್ಬುಗುಂಡು ಹಿಡಿದು ಹಲ್ಲು ಕಚ್ಚಿ ಅರೆದರು. ನೆಂಟರು ಹುಮ್ಮಸ್ಸಿನಿಂದ ಅರೆದರು. ಕೊನೆಗೆ ಲಕ್ಷ್ಮಿಯಮ್ಮಾಳ್ ಕೂತರು. ಗುಂಡು ಎರಡು ಸಲ ಕೈಯಿಂದ ಜಾರಿತು, ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಗಾಳಿಯಲ್ಲಿ ಘಾಟು ತುಂಬಿತ್ತು, ಅಲ್ಲಿದ್ದವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ಯಾರೂ ಗಮನಿಸಲಿಲ್ಲ. ಇಂದುಜಾ ಸೀನಿ ಸೀನಿ ಹೊರಗೆ ಬಂದಳು.

ಗುರುವಾರ ಮಧ್ಯಾಹ್ನ ಟೀ ಕುಡಿಯಲು ಗುಡಿ ಬೀದಿಗೆ ಹೋಗಿದ್ದ ಗೋವಿಂದಸಾಮಿ ವಿಚಿತ್ರ ಮುಖ ಹೊತ್ತು ವಾಪಸ್ ಬಂದರು.

"ಮೇಡಂ, ನಾವು ಕೇಸು ಮುಗಿಸಿಬಿಟ್ಟಿದ್ದೀವಂತೆ."

"ಯಾರು ಹೇಳಿದ್ದು?"

"ಗುಡಿ ಮುಂದೆ ಎಣ್ಣೆ, ಹೂವು ಮಾರೋ ಸೆಲ್ವಿ. ಪಾಸ್‌ಪೋರ್ಟ್ ಹಿಡಿದು ಕೊಟ್ಟಿದ್ದಕ್ಕೆ ರೊಂಬ ಸಂತೋಷ ಅಂದಳು. ಟೀ ದುಡ್ಡೂ ಅವಳೇ ಕೊಟ್ಟಳು."

ಇಂದುಜಾ ಕೂತಲ್ಲಿಂದ ಎದ್ದಳು. ಹತ್ತು ನಿಮಿಷದಲ್ಲಿ ಸೆಲ್ವಿಯ ಅಂಗಡಿಯ ಮುಂದಿದ್ದಳು.

"ಪಾಸ್‌ಪೋರ್ಟ್ ಸಿಕ್ಕಿದೆ ಅಂತ ನಿನಗೆ ಹೇಗೆ ಗೊತ್ತಾಯ್ತು?"

"ಆ ಫ್ಲೆಕ್ಸ್ ಅಕ್ಕ ಬಂದು ಎಣ್ಣೆ ತಗೊಂಡ್ರಲ್ಲಾ ಮೇಡಂ, ನಿನ್ನೆ ಬೆಳಗ್ಗೆ. ಒಬ್ಬರೇ ಬಂದಿದ್ರು. ಸಿಕ್ಕಿತಾ ಅಕ್ಕಾ ಅಂದೆ. ತಲೆ ಆಡಿಸಿ ಓಡಿಬಿಟ್ರು."

"ಸಿಗದೇನೇ ಎಣ್ಣೆ ಎರೀತಾರಾ?"

ಸೆಲ್ವಿ ಇಂಥ ಪ್ರಶ್ನೆ ಕೇಳುವವರೂ ಇದ್ದಾರಾ ಎಂಬಂತೆ ನೋಡಿದಳು. "ಅದು ಹೇಗಾಗುತ್ತೆ? ಎಲ್ಲಿದೆ ಅಂತ ಗೊತ್ತಾದ ಮೇಲೆ ತಾನೇ ಎಣ್ಣೆ?"

ಜೀಪಿನಲ್ಲಿ ಕೂತ ಮೇಲೆ ಇಂದುಜಾ ನಗತೊಡಗಿದಳು. ಗೋವಿಂದಸಾಮಿಗೆ ಅರ್ಥವಾಗಲು ತೋಟದ ಗೇಟು ಬರಬೇಕಾಯಿತು. ಅರ್ಥವಾದದ್ದೇ, "ಅಯ್ಯೋ ಪಾವಂ, ತನ್ನ ಮೇಲೆ ತಾನೇ ಮೆಣಸಿನಕಾಯಿ ಅರೆದುಕೊಂಡಿದೆಯಲ್ಲಾ ಆ ತಾಯಿ!" ಎಂದರು.

ಪೆರಿಯಸಾಮಿ ಪೇಟೆಗೆ ಹೋಗಿದ್ದರು. ಲಕ್ಷ್ಮಿಯಮ್ಮಾಳ್ ಅಂಗಳದಲ್ಲಿ ಕೊಬ್ಬರಿ ಒಣಹಾಕುತ್ತಿದ್ದರು. ಇಂದುಜಾ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕನ್ನಡದಲ್ಲಿ ಕೇಳಿದಳು.

"ಎಣ್ಣೆ ಯಾಕಮ್ಮಾ ಮುಂಚೇನೇ ಎರೆದ್ರಿ?"

ಪೊಲೀಸ್ ಬಾಯಿಂದ ಅಡುಗೆಮನೆಯ ಭಾಷೆ ಬಂದದ್ದಕ್ಕೋ, ಪ್ರಶ್ನೆಗೋ, ಆಕೆಯ ಕೈಯಲ್ಲಿದ್ದ ಕೊಬ್ಬರಿ ಕೆಳಗೆ ಬಿತ್ತು.

"ಮೈಯೆಲ್ಲಾ ಉರೀತಿತ್ತು ಕಣಮ್ಮಾ. ಎರಡು ಕೊಡ ನೀರು ಹುಯ್ಕೊಂಡೆ. ಆರ್ಲಿಲ್ಲ."

"ಎಲ್ಲಿದೆ?"

"ಕ್ವಾರಿ ಆಚೆ ಬಂಡೆ ಮೇಲೆ, ಮಾಧವಿ ದೋಣಿಗಳು ಇರೋ ಕಡೆ. ನಡೆದು ಹೋಗೋಕೆ ದಾರಿ ಇಲ್ಲ. ನೀರಲ್ಲೇ ಹೋಗ್ಬೇಕು."

ಜಪ್ತಿ ಮಾಡಬೇಕಾದವರು ಇನ್ಸ್‌ಪೆಕ್ಟರ್. ಈ ದಡದಲ್ಲಿದ್ದದ್ದು ಇಬ್ಬರು ಕೂರುವ ಒಂದೇ ಕಯಾಕ್. ಗೋವಿಂದಸಾಮಿ ತಾವು ದಡದಲ್ಲೇ ನಿಂತು ಪಂಚನಾಮೆ ಬರೆಯುವುದಾಗಿ ಬಹಳ ಬೇಗ ಒಪ್ಪಿಕೊಂಡರು. ಇಂದುಜಾ ಬೂಟು ಬಿಚ್ಚಿ, ಯೂನಿಫಾರ್ಮಿನ ಮೇಲೆ ಕಿತ್ತಳೆ ಜಾಕೆಟ್ ತೊಟ್ಟು ಮುಂದೆ ಕೂತಳು. ಹಿಂದೆ ಆರೋಪಿ.

"ಸೊಂಟ ಸಡಿಲ ಬಿಡು. ದೋಣಿ ಹಿಡ್ಕೋಬೇಡ, ಹುಟ್ಟು ಹಿಡ್ಕೋ. ಎಡ. ಬಲ. ಅವಸರ ಬೇಡ, ನೀರು ಎಲ್ಲೂ ಹೋಗಲ್ಲ."

ಅಂಗಳದಲ್ಲಿ ಕೊಬ್ಬರಿ ಕೆಡವಿದ ಹೆಂಗಸು ಎಲ್ಲಿ ಹೋದಳೋ! ಹಿಂದಿನಿಂದ ಬರುತ್ತಿದ್ದ ದನಿಗೆ ಅನುಮಾನವೇ ಇರಲಿಲ್ಲ. ದೋಣಿ ಸದ್ದಿಲ್ಲದೆ ಸರಿಯಿತು. ಬಂಡೆಯ ನೆರಳು ತಂಪಾಗಿ ಮೈಮೇಲೆ ಬಂತು, ಮೀನೊಂದು ಪಕ್ಕದಲ್ಲೇ ಹಾರಿತು. ನೌಕರಿಗೆ ಸೇರಿದ ಮೇಲೆ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ ಎಂದು ಇಂದುಜಾಗೆ ಅನಿಸಿತು. ಜೋರಾಗಿ ನಕ್ಕಳು. ಹಿಂದಿನಿಂದಲೂ ನಗು ಬಂತು. ದಡದಲ್ಲಿ ಗೋವಿಂದಸಾಮಿ ಇದನ್ನು ಪಂಚನಾಮೆಯಲ್ಲಿ ಹೇಗೆ ಬರೆಯುವುದೆಂದು ಯೋಚಿಸುತ್ತ ನಿಂತರು.

ನೀರಿನ ನಡುವೆ ಇಂದುಜಾ ಹುಟ್ಟು ನಿಲ್ಲಿಸಿದಳು.

"ಇಷ್ಟು ಚೆನ್ನಾಗಿ ಬಿಡ್ತೀರಿ. ಕಡಲಿಗೆ ಹೆದರಿಕೆಯಾ?"

"ಕಡಲಿಗೆ ಯಾಕೆ ಹೆದರ್ಲಿ? ಮೊಣಕಾಲು ಕಣಮ್ಮಾ. ಪ್ರಾಕ್ಟೀಸಿಗೆ ಗುಡ್ಡ ಹತ್ತಿಸಿದ್ರಲ್ಲಾ, ಇಳಿಯುವಾಗ ಪ್ರಾಣ ಹೋದಂಗಾಯ್ತು. ಅಲ್ಲಿ ದಿನಾ ಗುಡ್ಡವಂತೆ. ಏಳು ಜನ ನನಗೋಸ್ಕರ ನಿಂತು ನಿಂತು ಹೋಗ್ಬೇಕಾ?"

"ಅದನ್ನೇ ಹೇಳಬಹುದಿತ್ತಲ್ಲಾ."

ದೋಣಿ ತಾನಾಗಿ ಸ್ವಲ್ಪ ದೂರ ತೇಲಿತು.

"ಪಾಸ್‌ಪೋರ್ಟ್ ಕಳುವಾದ್ರೆ ಮಿಲೋಸ್ ಒಂದೇ ಹೋಗುತ್ತೆ. ಕಾಲು ನೋವು ಅಂತ ಬಾಯಿ ಬಿಟ್ರೆ ಎಲ್ಲಾ ಹೋಗುತ್ತೆ. ಅವರು ಒಳ್ಳೆಯವರು, ರೊಂಬ ಒಳ್ಳೆಯವರು. ಪ್ರೀತಿಯಿಂದಲೇ ತಡೀತಾರೆ. ವಯಸ್ಸಾಯ್ತು, ಜಾರಿ ಬೀಳ್ತೀಯ, ಕ್ವಾರಿಗೂ ಬೇಡ ಲಕ್ಷ್ಮೀ ಅಂತಾರೆ. ಆಮೇಲೆ ನಾನು ಅಂಗಳದಲ್ಲಿ ಕೂತ್ಕೊಂಡು ಬೇರೆ ಹೆಂಗಸರು ದೋಣಿ ಬಿಡೋ ಸದ್ದು ಕೇಳ್ಬೇಕು. ಅದು ನನ್ನಿಂದ ಆಗಲ್ಲ."

ಇಂದುಜಾ ಹಿಂದೆ ತಿರುಗಿ ನೋಡಲು ಹೋಗಿ ದೋಣಿ ಅಲ್ಲಾಡಿಸಿ ಬೈಸಿಕೊಂಡಳು.

ಬಂಡೆಯ ಮೇಲಿದ್ದ ಹಳದಿ ಕಯಾಕಿನ ಹಿಂಭಾಗದ ಪೆಟ್ಟಿಗೆಯಲ್ಲಿ, ನೀರು ತಾಗದ ಚೀಲದೊಳಗೆ, ಚೀಲದ ಬಾಯಿ ಮೂರು ಮಡಿಕೆ ಸುತ್ತಿ ಬಿಗಿದು, ಪಾಸ್‌ಪೋರ್ಟ್ ಇತ್ತು. ಕಡಲಿನಲ್ಲಿ ಹೇಗೆ ಇಟ್ಟುಕೊಳ್ಳಬೇಕೆಂದು ಮಾಧವಿ ಕಲಿಸಿದ್ದಳೋ ಹಾಗೆಯೇ. ಬಚ್ಚಿಡುವಾಗಲೂ ಕಲಿತ ಪಾಠ ತಪ್ಪಿರಲಿಲ್ಲ. ಸಂಜೆ 5.10ಕ್ಕೆ ಜಪ್ತಿಯಾಯಿತು.

ದಡಕ್ಕೆ ಬಂದ ಕೂಡಲೇ ಇಂದುಜಾ ಮಾಧವಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ವಿಷಯ ಹೇಳಿದಳು.

"ಲಕ್ಷ್ಮಿಯಮ್ಮಾ, ನಿಮ್ಮನ್ನ ಗುಡ್ಡ ಹತ್ತಿಸ್ತೀನಿ ಅಂತ ಯಾರು ಹೇಳಿದ್ದು? ನಡೆಯೋರು ಗುಡ್ಡದ ಮೇಲೆ ಹೋಗ್ತಾರೆ, ಅವರ ಊಟ, ಸಾಮಾನು ದೋಣೀಲಿ ಬಂಡೆಗಳ ಕೆಳಗಿಂದ ಹೋಗುತ್ತೆ. ಮಧ್ಯಾಹ್ನ ಎಲ್ಲರೂ ಒಂದೇ ಮರಳಿನಲ್ಲಿ ಸೇರೋದು. ಆ ದೋಣಿಗೆ ಹಿಂದೆ ಕೂರೋರು ನೀವೇ ಅಂತ ನಾನು ಎಂದೋ ಅಂದ್ಕೊಂಡಿದ್ದೆ. ಹೇಳೋದು ಮರೆತುಬಿಟ್ಟೆ, ತಪ್ಪು ನನ್ನದೇ."

ಲಕ್ಷ್ಮಿಯಮ್ಮಾಳ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅತ್ತರೋ ನಕ್ಕರೋ ಗೋವಿಂದಸಾಮಿಗೆ ಗೊತ್ತಾಗಲಿಲ್ಲ. ಅವರಿಗಿದ್ದದ್ದು ಕಾನೂನಿನ ಚಿಂತೆ.

"ಮೇಡಂ, ತನ್ನ ವಸ್ತು ತಾನೇ ಕದ್ದರೆ ಕಳವಾಗುತ್ತಾ?"

"ಪಾಸ್‌ಪೋರ್ಟ್ ಇವರದ್ದಲ್ಲ, ಭಾರತ ಸರ್ಕಾರದ್ದು. ಪಾಸ್‌ಪೋರ್ಟಿನ ಒಳಗೇ ಬರೆದಿದೆ," ಎಂದು ಇಂದುಜಾ ಗಂಭೀರವಾಗಿ ಹೇಳಿದಳು. "ಅಮ್ಮಾ, ನಿಮ್ಮನ್ನ ಬಂಧಿಸಿದ್ದೀನಿ. ಪಾಸ್‌ಪೋರ್ಟ್ ಠಾಣೇಲಿರುತ್ತೆ. ಶನಿವಾರ ಪೊಲೀಸ್ ಕಾವಲಿನಲ್ಲೇ ವಿಮಾನ ನಿಲ್ದಾಣಕ್ಕೆ ಕರ್ಕೊಂಡು ಹೋಗ್ತೀನಿ. ಆದರೆ ಕಾಲಿನ ವಿಷಯ ಯಜಮಾನರಿಗೆ ನೀವೇ ಹೇಳ್ಬೇಕು. ಹೇಳಿದ ಮೇಲೆ ಕೈಗೆ ಕೊಡೋದು."

ಪಾಸ್‌ಪೋರ್ಟ್ ಸಿಕ್ಕಿತೆಂದು ಠಾಣೆಯಿಂದ ಹೇಳಿಕಳಿಸಿದಾಗ ಪೆರಿಯಸಾಮಿ ಬೀದಿಗೆಲ್ಲ ಲಡ್ಡು ಹಂಚಿದರು. ಶನಿವಾರ ಬೆಳಗ್ಗೆ ಹೆಂಡತಿಯನ್ನು ಪೊಲೀಸ್ ಜೀಪು ಹತ್ತಿಸಿದ್ದನ್ನು ಸರ್ಕಾರಿ ಮರ್ಯಾದೆ ಎಂದುಕೊಂಡು ಎರಡು ವ್ಯಾನು ಜನರೊಂದಿಗೆ ಹಿಂದೆ ಬಂದರು. ಕಾಲಿನ ವಿಷಯವನ್ನು ಆರೋಪಿ ಅವರಿಗೆ ಇನ್ನೂ ಹೇಳಿರಲಿಲ್ಲ. ವಿಮಾನ ನಿಲ್ದಾಣದ ಬಾಗಿಲ ಬಳಿ ಮಾಧವಿ ಮತ್ತು ಉಳಿದ ಹೆಂಗಸರು ಕಾಯುತ್ತಿದ್ದರು. ಒಳಗೆ ಹೋಗುವ ಸಮಯವಾಯಿತು. ಇಂದುಜಾ ಕೈ ಕಟ್ಟಿ ನಿಂತಳು.

ಲಕ್ಷ್ಮಿಯಮ್ಮಾಳ್ ಗಂಡನ ತೋಳು ಹಿಡಿದು ಬದಿಗೆ ಕರೆದರು. ಗುಂಪು ಅಲ್ಲಿಗೂ ಬಂತು. ಬೇರೆ ದಾರಿ ಕಾಣದೆ ಎಲ್ಲರೆದುರೇ ಹೇಳಿದರು.

"ಕದ್ದಿದ್ದು ನಾನೇ. ಮೊಣಕಾಲು ನೋವು. ಹೇಳಿದ್ರೆ ನೀವು ಕ್ವಾರಿಗೂ ಬಿಡಲ್ಲ ಅಂತ."

ಪೆರಿಯಸಾಮಿ ಹೆಂಡತಿಯ ಕಾಲಿನ ಕಡೆ ಬಗ್ಗಿ ನೋಡಿದರು.

"ಯಾವ ಕಾಲು?"

"ಬಲಗಾಲು."

ಬಿಳಿ ಪಂಚೆ ಮೇಲೆತ್ತಿ ಕಟ್ಟಿ, ಅಷ್ಟು ಜನರ ನಡುವೆ ನೆಲದ ಮೇಲೆ ಕೂತರು. ಆಕೆಯ ಬಲಗಾಲಿನ ಹೊಸ ಬೂಟಿನ ಲೇಸು ಬಿಚ್ಚಿ, ಪಾದ ಸರಿಯಾಗಿ ಕೂರಿಸಿ, ಮತ್ತೆ ಕಟ್ಟಿದರು.

"ಬಿಗಿ ಆಯ್ತಾ?"

"ಇಲ್ಲ, ಸರಿಯಾಗಿದೆ."

ತಲೆ ಎತ್ತದೆ ಅಂದರು: "ಬಂದ ಮೇಲೆ ಕ್ವಾರೀಲಿ ನನ್ನನ್ನೂ ಕೂರಿಸ್ಕೋ. ಮುಂದಿನ ಸೀಟೇ ಸಾಕು."

ಇಂದುಜಾ ಪಾಸ್‌ಪೋರ್ಟ್ ಕೊಟ್ಟು ರಸೀದಿಗೆ ಸಹಿ ಹಾಕಿಸಿಕೊಂಡಳು. ಎಂಟು ಹೆಂಗಸರು ಗಾಜಿನ ಬಾಗಿಲ ಒಳಗೆ ಹೋದರು, ಹೊರಗಿದ್ದವರು ಚಪ್ಪಾಳೆ ತಟ್ಟಿ ಭದ್ರತಾ ಸಿಬ್ಬಂದಿಯಿಂದ ಬೈಸಿಕೊಂಡರು.

ಮಧ್ಯಾಹ್ನ ಠಾಣೆಗೆ ಬಂದು ಇಂದುಜಾ ಕೇಸು ಮುಕ್ತಾಯದ ವರದಿ ಬರೆದಳು. ಸಂಗತಿಯ ತಪ್ಪು ತಿಳಿವಳಿಕೆ, ಕಳವು ನಡೆದಿಲ್ಲ, ಕ್ರಮ ಅಗತ್ಯವಿಲ್ಲ. ಕಾರಣ ಎಂಬ ಜಾಗದಲ್ಲಿ ಹೀಗೆ ಬರೆದಳು: "ಆಕೆಗೆ ನೀರಿನ ಭಯವಿರಲಿಲ್ಲ. ತನ್ನನ್ನು ಪ್ರೀತಿಸುವವರು ಮತ್ತೆ ದಡದಲ್ಲಿ ಕೂರಿಸಿಬಿಡುತ್ತಾರೆಂಬ ಭಯವಿತ್ತು."